ಆಯಿಯ ರಕ್ತದಲ್ಲಿ ಸುಣ್ಣ

ಜಾಗ್ರತೆಯಿಂದ ಕೆಲಸ ಮಾಡುವವರಿಗೆ ಈ ಲೋಕದಲ್ಲಿ ಮರ್ಯಾದೆಯಿಲ್ಲ. ಇದು ನನ್ನ ತಕರಾರು. ಹಾಲು ಉಕ್ಕಿಸಿದವರನ್ನು, ಕೀಲಿ ಕಳೆದವರನ್ನು, ಬಟ್ಟೆ ಒಗೆಯಲು ಹೋಗಿ ಲಂಗವನ್ನು ಹಳ್ಳಕ್ಕೆ ಬಿಟ್ಟು ಬಂದವರನ್ನು ಜನ ಎರಡು ದಿನ ಬೈದು ಮರೆತುಬಿಡುತ್ತಾರೆ. ಆದರೆ ಒಂದು ದಿನವೂ ತಪ್ಪದೆ, ಒಂದು ಗುಂಜಿಯೂ ಹೆಚ್ಚುಕಡಿಮೆಯಾಗದೆ ಕೆಲಸ ಮಾಡಿದವಳು ಒಮ್ಮೆ ಸಿಕ್ಕಿಬಿದ್ದಳೆಂದರೆ ಮುಗಿಯಿತು, ಓಣಿಯ ತುಂಬ ಅದೇ ಮಾತು.

ನನ್ನ ಹೆಸರು ಮಹಾದೇವಿ. ವಯಸ್ಸು ಹದಿನೇಳು. ಊರು ಕಲಘಟಗಿ ತಾಲೂಕಿನ ತಂಬೂರ. ಓದಿದ್ದು ಒಂಬತ್ತನೆಯ ಇಯತ್ತೆ, ಅದೂ ಅರ್ಧಕ್ಕೆ. ಶಾಲೆ ಬಿಟ್ಟ ಕಾರಣ ಕೇಳಿದರೆ ನೀವು ನಂಬಲಿಕ್ಕಿಲ್ಲ: ಹಾಜರಿ ಕಡಿಮೆ. ಹಾಗಂತ ನಾನು ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದಾಗಲೂ ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರುತ್ತಿದ್ದೆ. ಆದರೆ ಸರ್ ಹೆಸರು ಕರೆದಾಗ ಎದ್ದು ನಿಂತು "ಹಾಜರ್ ಸರ್" ಎನ್ನಬೇಕಲ್ಲ, ಆ ಎರಡು ಶಬ್ದ ನನ್ನ ಗಂಟಲು ದಾಟಿ ಬರುತ್ತಿರಲಿಲ್ಲ. ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಸರ್ ಅಂತೂ ಹಾಜರಿ ಪುಸ್ತಕ ಬಿಟ್ಟು ತಲೆ ಎತ್ತುವವರಲ್ಲ. ಹೀಗೆ ಅವರ ಮೂಗಿನ ಕೆಳಗೆ ಕೂತೇ ನಾನು ನೂರಾ ಹದಿನಾಲ್ಕು ದಿನ ಗೈರುಹಾಜರಾದೆ. (ಪ್ರತಿದಿನ ಎಣಿಸಿ ಪುಸ್ತಕದ ಹಿಂದೆ ಬರೆದಿಟ್ಟಿದ್ದೆ.) ಪರೀಕ್ಷೆಗೆ ಕೂರಿಸುವುದಿಲ್ಲ ಎಂದರು. "ನಾನು ಬಂದಿದ್ದೆ" ಎಂದು ಹೇಳಬಹುದಿತ್ತು. ಅದನ್ನು ಹೇಳಲಿಕ್ಕೂ ದನಿ ಬೇಕಲ್ಲ? ಸುಮ್ಮನೆ ಮನೆಗೆ ಬಂದು ಪಾಟಿಚೀಲವನ್ನು ಗೂಟಕ್ಕೆ ಹಾಕಿದೆ.

ದನಿಯ ವಿಷಯದಲ್ಲಿ ದೇವರು ನಮ್ಮ ಮನೆತನಕ್ಕೆ ಕಡಿಮೆ ಕೊಟ್ಟಿಲ್ಲ, ಹಂಚುವಾಗ ತಪ್ಪಿದ್ದಾನೆ. ನನ್ನ ಪಾಲನ್ನೂ ಸೇರಿಸಿ ಎಲ್ಲವನ್ನೂ ನಮ್ಮ ಆಯಿಗೆ ಕೊಟ್ಟುಬಿಟ್ಟಿದ್ದಾನೆ. ಆಯಿ ಅಂದರೆ ನಮ್ಮಪ್ಪ ಶಂಭುಲಿಂಗಪ್ಪನ ಅವ್ವ, ಅನ್ನವ್ವ. ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು "ಚಂದ್ರೀ... ಬಾರಬೇ!" ಎಂದು ಒಂದು ಸಲ ಕೂಗಿದರೆ ಸಾಕು, ಕೆರೆಯಲ್ಲಿ ಮೂಗು ಮಾತ್ರ ಮೇಲಿಟ್ಟುಕೊಂಡು ಮಲಗಿದ್ದ ನಮ್ಮ ಎಮ್ಮೆ ಎದ್ದು ಬರುತ್ತಿತ್ತು. ಅದರ ಹಿಂದೆ ಊರ ಮಂದಿಯ ಎಮ್ಮೆಗಳೂ ಏನೋ ಅವಸರದ ಕೆಲಸವಿದ್ದಂತೆ ಬರುತ್ತಿದ್ದವು. ಸೋಮವಾರದ ಭಜನೆಯಲ್ಲಿ ಆಯಿಯದೇ ಮೊದಲ ದನಿ. ತಾಳದವರು ಆಯಿಯನ್ನು ಹಿಂಬಾಲಿಸುತ್ತಿದ್ದರೇ ಹೊರತು ಆಯಿ ಯಾವ ತಾಳವನ್ನೂ ಹಿಂಬಾಲಿಸಿದವಳಲ್ಲ.

ಒಂದು ಬೇಸಿಗೆಯಲ್ಲಿ ಆಯಿ ದನದ ಕೊಟ್ಟಿಗೆಯಲ್ಲಿ ಜಾರಿಬಿದ್ದು ಮುಂಗೈ ಮುರಿದುಕೊಂಡಳು. ಕಲಘಟಗಿಯ ಡಾಕ್ಟರರು ಪಟ್ಟಿ ಹಾಕಿ, ಎಲುಬು ಕೂಡಲೆಂದು ಗುಳಿಗೆ, ಪುಡಿ ಬರೆದುಕೊಟ್ಟರು. ಅದನ್ನು ಹೊತ್ತಿಗೆ ಸರಿಯಾಗಿ ಕೊಡುವ ಜವಾಬ್ದಾರಿ ನನಗೆ ಬಂತು. ಮಾತಾಡುವ ಕೆಲಸವಲ್ಲವೆಂದು ನಾನೂ ಸಂತೋಷದಿಂದ ಒಪ್ಪಿಕೊಂಡೆ. ಕೈ ನೆಟ್ಟಗೆ ಕೂಡಿತು. "ಮಾದೇವಿ ಮಾಡಿದ್ರ ಮುಗೀತು, ಹೊಳ್ಳಿ ನೋಡೂದ ಬ್ಯಾಡ" ಎಂದು ಅಪ್ಪ ನಾಲ್ಕು ಮಂದಿಯ ಮುಂದೆ ಹೇಳಿದ. ನನ್ನ ಜೀವನದಲ್ಲಿ ಸಿಕ್ಕ ಪ್ರಶಸ್ತಿ ಅದೊಂದೇ.

ಎಪ್ಪತ್ತೆಂಟನೆಯ ಇಸವಿಯ ಮಳೆಗಾಲದ ಹೊತ್ತಿಗೆ ಆಯಿ ಯಾಕೋ ಕುಗ್ಗತೊಡಗಿದಳು. ಎಷ್ಟು ನೀರು ಕುಡಿದರೂ ನೀರಡಿಕೆ. ಮಲಬದ್ಧತೆ. ಕೂತಲ್ಲೇ ತೂಕಡಿಕೆ. ನನ್ನ ಅವ್ವನನ್ನು "ಚಂದ್ರೀ" ಎಂದು ಕರೆದು, ಎಮ್ಮೆಗೆ "ಗುರವ್ವಾ, ಒಲಿ ಹಚ್ಚೀಯೇನು?" ಎಂದು ಕೇಳಿದಳು. (ಗುರವ್ವ ನನ್ನ ಅವ್ವ. ಆಕೆ ಆ ದಿನ ಒಲೆ ಹಚ್ಚಲೇ ಇಲ್ಲ.) ಸೊಂಟದಲ್ಲಿ ಹರಳಿನ ನೋವು ಬಂತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬೈಯುವುದನ್ನೇ ಬಿಟ್ಟಳು. ಆಗ ಅಪ್ಪನಿಗೆ ನಿಜವಾಗಿ ಹೆದರಿಕೆಯಾಯಿತು. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಹೊರಟೆವು.

ಅಲ್ಲಿಯ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಬೇಕೆಂದರು. ಖಾಲಿ ಹೊಟ್ಟೆಯಲ್ಲಿ ಬರಬೇಕು, ಬಾಯಿಗೆ ಏನೂ ಹಾಕಬಾರದು. ಮರುದಿನ ಮುಂಜಾನೆ ಪ್ರಯೋಗಾಲಯದವನು ಆಯಿಯ ಕೆಂಪು ತುಟಿ ನೋಡಿ ಸೂಜಿ ಕೆಳಗಿಟ್ಟ.

"ಏನೂ ತಿಂದಿಲ್ಲ ಅಂದ್ರೆಲ್ಲರೀ ಅವ್ವಾರ?"

"ತಿಂದಿಲ್ಲಪಾ. ಲಿಂಗದಾಣೆ, ಒಂದು ಹನಿ ಚಾ ಸೈತ ಕುಡಿದಿಲ್ಲ."

"ಮತ್ತ ಬಾಯಾಗೇನೈತಿ?"

"ಎಲಿ ಹಾಕ್ಕೊಂಡೀನಿ. ಹೊಟ್ಟಿ ಖಾಲಿ ಐತಿ ಅಂತ ಎಲಿ ಹಾಕ್ಕೋಬಾರದೇನು?"

ನಮ್ಮ ಕಡೆ ಉಪವಾಸದ ದಿನವೂ ಎಲೆ ಅಡಿಕೆಗೆ ಅಡ್ಡಿಯಿಲ್ಲ. ಅದು ಊಟವೂ ಅಲ್ಲ, ತಿಂಡಿಯೂ ಅಲ್ಲ, ಉಸಿರಾಡುವುದರ ಹಾಗೆ ಅದರ ಪಾಡಿಗೆ ಅದು. ಪ್ರಯೋಗಾಲಯದವನಿಗೆ ಈ ಧರ್ಮಸೂಕ್ಷ್ಮ ತಿಳಿಯಲಿಲ್ಲ. ನಾಳೆ ಬರ್ರಿ ಎಂದ. ಮಾರನೆಯ ದಿನ ನಾನೇ ಆಯಿಯ ಬಾಯಿ ತೊಳೆಸಿ, ನಾಲಿಗೆ ನೋಡಿ ಕರೆದೊಯ್ದೆ.

"ಮುಷ್ಟಿ ಬಿಡ್ರಿ ಅವ್ವಾರ. ಮುಷ್ಟಿ ಬಿಗಿದ್ರ ಸುಣ್ಣದ ಪ್ರಮಾಣ ಸುಳ್ಳ ಬರತೈತಿ," ಎಂದ ಅವನು.

"ಮುಷ್ಟಿ ಬಿಗಿದಿದ್ದು ನಿನಗ ಗುದ್ದಾಕ. ಬಿಟ್ಟರ ಹ್ಯಾಂಗ ಗುದ್ದಲಿ?"

ಅಂತೂ ರಕ್ತ ಸಿಕ್ಕಿತು. ರಕ್ತದಲ್ಲಿ ಹತ್ತರ ಆಸುಪಾಸು ಇರಬೇಕಾದ ಸುಣ್ಣದ ಅಂಶ ಹದಿಮೂರಕ್ಕೆ ಏರಿತ್ತು. ಡಾಕ್ಟರರು ಒಂದು ಹಾಳೆಯ ಮೇಲೆ ಕುತ್ತಿಗೆಯ ಚಿತ್ರ ಬರೆದು ಅದರಲ್ಲಿ ನಾಲ್ಕು ಚುಕ್ಕೆ ಇಟ್ಟರು.

"ಇಲ್ಲಿ ನಾಕ ಗ್ರಂಥಿ ಇರತಾವರಿ, ಅಕ್ಕಿಕಾಳಿನಷ್ಟ. ಪ್ಯಾರಾಥೈರಾಯ್ಡ್ ಅಂತಾರ. ರಕ್ತದಾಗ ಸುಣ್ಣ ಎಷ್ಟಿರಬೇಕು ಅಂತ ನೋಡಿಕೊಳ್ಳೂದು ಇವುಗಳ ಕೆಲಸ. ಇದರಾಗ ಒಂದು ಕೆಟ್ಟು, ತನ್ನ ಹಾರ್ಮೋನು ಹೆಚ್ಚಿಗಿ ಬಿಡಾಕ ಹತ್ತಿದ್ರ ಎಲುಬಿನೊಳಗಿನ ಸುಣ್ಣ ಕರಗಿ ರಕ್ತಕ್ಕ ಬರತೈತಿ."

"ಅಂದ್ರ ನನ್ನ ಎಲುಬ ನಾನ ತಿನ್ನಾಕತ್ತೀನೇನ್ರಿ?" ಎಂದಳು ಆಯಿ.

"ಒಂಥರಾ ಹಂಗ ಅನ್ರಿ. ಹಂಗಿದ್ರ ಕುತ್ತಿಗಿ ಆಪರೇಶನ್ ಮಾಡಿ ಆ ಗ್ರಂಥಿ ತಗೀಬೇಕಾಕ್ಕೈತಿ."

"ಕುತ್ತಿಗ್ಯಾಗ ಲಿಂಗದ ದಾರ ಐತ್ರಿ."

"ದಾರ ಅಷ್ಟೊತ್ತು ತೋಳಿಗೆ ಕಟ್ಟೂಣ್ರಿ."

ಅಪ್ಪ ಮೆತ್ತಗೆ ಕೇಳಿದ, "ಅಪಾಯ ಏನಿಲ್ಲಲ್ರಿ?"

"ಅಂಥಾದ್ದೇನಿಲ್ಲ. ದನಿಯ ನರ ಅಲ್ಲೇ ಬಾಜೂಕ ಹಾದು ಹೋಗತೈತಿ. ಎಲ್ಲೋ ಒಬ್ಬರಿಗೆ ದನಿ ಒಡಿತೈತಿ, ಅಷ್ಟ."

ಊರಿಗೆ ಮರಳುವಾಗ ಆಯಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಗಂಟಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ದನಿ ಇಲ್ಲದೆ ಬದುಕುವುದು ಹೇಗೆಂದು ಆಕೆ ನನ್ನನ್ನು ಕೇಳಿದ್ದರೆ ನಾನು ಹೇಳಬಹುದಿತ್ತು. ಅಂದರೆ, ಬರೆದುಕೊಡಬಹುದಿತ್ತು.

ದವಾಖಾನೆಯಲ್ಲಿ ನಡೆದ ಇನ್ನೊಂದು ಮಾತನ್ನು ಬಿಟ್ಟರೆ ಅಪ್ರಾಮಾಣಿಕತೆ ಆದೀತು. ಡಾಕ್ಟರರು ಅಪ್ಪನನ್ನು, "ಔಷಧ ಏನರ ಕೊಡಾಕತ್ತೀರೇನ್ರಿ?" ಎಂದು ಕೇಳಿದ್ದರು. "ಏನಿಲ್ರಿ," ಎಂದ ಅಪ್ಪ. ನಾನು ಬಾಗಿಲ ಮರೆಯಲ್ಲಿ ನಿಂತು ನೆಲದ ಫರಶಿ ಕಲ್ಲು ಎಣಿಸುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನೂ ಇಲ್ಲವೆಂದೇ ತಲೆಯಾಡಿಸುತ್ತಿದ್ದೆ. ಔಷಧವೆಂದರೆ ರೋಗಕ್ಕೆ ಕೊಡುವುದು.

ತಪ್ಪು ಗ್ರಂಥಿಯದೇ ಎಂದು ಗೊತ್ತಾಗಬೇಕಾದರೆ ಆ ಹಾರ್ಮೋನನ್ನು ಅಳೆಯಬೇಕು. ಅದನ್ನು ಅಳೆಯುವ ಯಂತ್ರ ಇರುವುದು ಮುಂಬೈಯಲ್ಲಿ. ರಕ್ತವನ್ನು ತಿರುಗಣಿಯಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ತೆಗೆದು, ಮಂಜುಗಡ್ಡೆಯಲ್ಲಿಟ್ಟು ರೈಲಿನಲ್ಲಿ ಕಳಿಸಬೇಕು. ಅದಕ್ಕೊಂದು ಫ್ಲಾಸ್ಕ್ ತನ್ನಿರಿ ಎಂದರು. ನಮ್ಮ ಓಣಿಗೆಲ್ಲ ಇದ್ದ ಫ್ಲಾಸ್ಕ್ ಒಂದೇ, ಬಾಜು ಮನೆಯ ಯಾಕೂಬಸಾಬನದು. ಅವನು ಸಂತೆಗೆ ಹೋಗುವಾಗ ಅದರಲ್ಲಿ ಚಹಾ ಒಯ್ಯುತ್ತಿದ್ದ. ಅವನ ಹೆಂಡತಿ ಮಲಿಕಾಬಿ ಆಯಿಯ ಜೀವದ ಗೆಳತಿ. "ನಮ್ಮ ಅನ್ನಕ್ಕನ ಸಲುವಾಗಿ ಫ್ಲಾಸ್ಕ್ ಏನು, ಮನಿ ಕೇಳಿದ್ರೂ ಕೊಡತೇನಿ" ಎಂದು ಕೊಟ್ಟಳು. ಒಳಗೆ ಏನು ಹೋಗುತ್ತದೆಂದು ಆಕೆ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಮುಂಬೈಯಿಂದ ಉತ್ತರ ಬರಲು ಮೂರು ವಾರ. ಅಲ್ಲಿಯವರೆಗೆ ಎಲೆ ಅಡಿಕೆಗೆ ಸುಣ್ಣ ಬಂದ್, ಹಾಲು ಮೊಸರು ಬಂದ್. "ಮತ್ತ, ಬಾಯಾಗ ಏನೇನು ಹೋಗತೈತಿ ಎಲ್ಲಾ ಬರದಿಡ್ರಿ" ಎಂದರು ಡಾಕ್ಟರರು. ಅಪ್ಪ ತಿರುಗಿ ನನ್ನನ್ನು ನೋಡಿದ. ಬಾಗಿಲ ಮರೆಯಲ್ಲೇ ನನ್ನ ಎದೆ ಉಬ್ಬಿತು. ಮಾತಿಲ್ಲದ ಕೆಲಸ, ಬರೀ ಬರವಣಿಗೆ! ಭೂಮಿಯ ಮೇಲೆ ನನಗಾಗಿಯೇ ಮಾಡಿಟ್ಟ ಹುದ್ದೆ ಅದು.

ಗಣಿತದ ಹಳೆಯ ನೋಟುಬುಕ್ಕಿನಲ್ಲಿ ಖಾಲಿ ಹಾಳೆಗಳಿದ್ದವು. (ಒಂಬತ್ತನೆಯ ಇಯತ್ತೆಯ ಅರ್ಧ ವರ್ಷ ಅಲ್ಲಿ ಬಿಳಿಯಾಗಿಯೇ ಉಳಿದಿತ್ತು.) ಅಡ್ಡಪಟ್ಟಿಯಿಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ಹೊತ್ತು, ಪದಾರ್ಥ, ಪ್ರಮಾಣ, ಷರಾ. ಮಾದರಿಗೆ ಒಂದು ದಿನದ್ದನ್ನು ಕೊಡುತ್ತೇನೆ.

"ಮುಂಜಾನೆ ೬-೧೦. ಕರಿ ಚಹಾ. ಅರ್ಧ ಬಟ್ಟಲು. ಷರಾ: ಇದು ಚಹಾ ಅಲ್ಲ, ಎಮ್ಮೆಯ ಮೈ ತೊಳೆದ ನೀರು ಎಂದರು."

"೮-೩೦. ಜೋಳದ ರೊಟ್ಟಿ, ಪುಂಡಿಪಲ್ಯ. ಒಂದೂವರೆ ರೊಟ್ಟಿ. ಷರಾ: ಉಳಿದ ಅರ್ಧ ನಾಯಿಗೆ ಹೋಯಿತು. ಆಯಿಯ ಹೆಸರಿನಲ್ಲಿ ಹಿಡಿದಿಲ್ಲ."

"೮-೫೦. ಗುಳಿಗೆ. ಒಂದು. ಷರಾ: ಎಂದಿನಂತೆ."

"೧೧-೦೦. ಒಂದು ನೊಣ ಬಾಯಿಯ ಹತ್ತಿರ ಬಂದಿತ್ತು. ಷರಾ: ಒಳಗೆ ಹೋಗಲಿಲ್ಲ. ಖಚಿತಪಡಿಸಿಕೊಂಡಿದ್ದೇನೆ."

ಆಯಿಗೆ ನನ್ನ ಆಡಳಿತ ಸೇರಲಿಲ್ಲ. ಮೈಯಲ್ಲಿ ಶಕ್ತಿಯಿಲ್ಲದಿದ್ದರೂ ನನ್ನನ್ನು ಕಂಡರೆ ಅಷ್ಟಿಷ್ಟು ಬೈಗುಳ ಬರುತ್ತಿತ್ತು.

"ನನ್ನ ಬಾಯಿಗೆ ತಲಾಠಿ ಆಗಿ ಕುಂತಾಳ ನೋಡ್ರಿ ಇಕಿ. ಆಕಳಿಸಿದ್ರೂ ಬರಕೊಂತಾಳ!"

(ತಲಾಠಿಯೆಂದರೆ ಊರ ಲೆಕ್ಕಪತ್ರ ಬರೆಯುವವನು.) ನಿಜಕ್ಕೂ ಬರೆದುಕೊಳ್ಳುತ್ತಿದ್ದೆ. ಆಕಳಿಸುವಾಗ ಗಾಳಿ ಒಳಗೆ ಹೋಗುತ್ತದೆ.

ಮೊದಲ ಕೆಲಸವಾಗಿ ಆಯಿಯ ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಜಪ್ತು ಮಾಡಿ ಜೋಳದ ಕಣಜದ ಮೇಲೆ, ಮೂರು ಕಲ್ಲಿನ ಕೆಳಗೆ ಇಟ್ಟೆ. ಎರಡನೆಯ ದಿನ ಮಧ್ಯಾಹ್ನ ಆಯಿ ಕಾಣಲಿಲ್ಲ. ಹಿತ್ತಲ ಗೋಡೆಯ ಆಚೆಯಿಂದ ಪಿಸುಮಾತು ಕೇಳಿತು. ಇಣುಕಿದೆ. ಮಲಿಕಾಬಿ ಎಲೆಯ ಬೆನ್ನಿಗೆ ಸುಣ್ಣ ಸವರುತ್ತಿದ್ದಳು. ಆಯಿ ಗುಬ್ಬಿಮರಿಯಂತೆ ಬಾಯಿ ತೆರೆದು ಕೂತಿದ್ದಳು.

ಕೂಗಬೇಕೆಂದರೆ ದನಿಯಿಲ್ಲ. ಒಂದು ಚಿಕ್ಕ ಹರಳು ಎಸೆದೆ. ಅದು ಹೋಗಿ ಮಲಿಕಾಬಿಯ ಕೋಳಿಗೆ ಬಿತ್ತು. ಕೋಳಿ ನನ್ನ ಪರವಾಗಿ ಕೂಗಿತು.

"ಯಾ ಅಲ್ಲಾ! ಹುಡುಗಿ ಗೋಡಿ ಮ್ಯಾಲೇ ಕುಂತೈತಿ!" ಎಂದಳು ಮಲಿಕಾಬಿ. "ಏನ ತಂಗಿ, ನಲವತ್ತ ವರ್ಸ ನಾವಿಬ್ಬರೂ ಒಂದ ಡಬ್ಬಿ ಸುಣ್ಣ ತಿಂದೀವಿ. ನನಗೇನಾಗೇತಿ? ನೋಡು, ಹಲ್ಲ ಒಂದ ಸೈತ ಅಳ್ಳಾಡವಲ್ಲದು."

"ನಿನ್ನ ಬಾಯಾಗ ಇರೂದ ಮೂರ ಹಲ್ಲ. ಅವು ಅಳ್ಳಾಡಾಕ ಜೊತಿ ಬೇಕಲಾ," ಎಂದಳು ಆಯಿ. ಗೆಳತಿಯರಿಬ್ಬರೂ ನಕ್ಕರು. ನಾನು ನಗಲಿಲ್ಲ. ಕೆಳಗಿಳಿದು ಬರೆದೆ: "೨-೪೦. ಸುಣ್ಣ ಸವರಿದ ಎಲೆ. ಬಾಯಿಯಿಂದ ಒಂದು ಗೇಣು ದೂರದಲ್ಲಿ ತಡೆಯಲಾಯಿತು."

ಅಂದಿನಿಂದ ಮಲಿಕಾಬಿ ಬಂದರೂ ನಾನು ನೋಟುಬುಕ್ಕು ಹಿಡಿದು ನಡುವೆ ಕೂರುತ್ತಿದ್ದೆ. ಆಕೆ ಏಳುವ ಮೊದಲು ತಾನಾಗಿ ಸೆರಗು ಝಾಡಿಸಿ ತೋರಿಸಿ ಹೋಗುತ್ತಿದ್ದಳು.

ಅಷ್ಟರಲ್ಲಿ ದಸರಾ ಹತ್ತಿರ ಬಂತು. ಅವ್ವ ಗೋಡೆಗೆ ಬಳಿಯಲು ಎರಡು ಗಡಿಗೆ ಸುಣ್ಣ ಕಲಸಿಟ್ಟಳು. ನನ್ನ ಜೀವ ಝಲ್ಲೆಂದಿತು. ಡಬ್ಬಿಯೊಳಗಿನ ಅಡಿಕೆಯಷ್ಟು ಸುಣ್ಣಕ್ಕೇ ನಾನು ಹಗಲೆಲ್ಲ ಕಾವಲು ಕಾದರೆ, ಆಯಿ ಮಲಗುವ ನಾಲ್ಕೂ ಗೋಡೆಗೆ ಸುಣ್ಣವೇ? ಉಸಿರಿನಲ್ಲಿ ಹೋದರೆ ಯಾವ ಕಾಲಂನಲ್ಲಿ ಬರೆಯಲಿ? ಅವ್ವ ನೀರಿಗೆ ಹೋದಾಗ ಎರಡೂ ಗಡಿಗೆಯನ್ನು ತಿಪ್ಪೆಗೆ ಸುರಿದು, ಗಡಿಗೆ ತೊಳೆದು, ಮೊದಲಿನ ಜಾಗದಲ್ಲಿ ಬೋರಲು ಹಾಕಿದೆ.

ಅವ್ವ ಬಂದು ನೋಡಿ ನಡು ಮೇಲೆ ಕೈಯಿಟ್ಟುಕೊಂಡಳು.

"ಯಾಕಬೇ? ಇಡೀ ಓಣಿ ಬೆಳ್ಳಗ ಹೊಳಿಯಾಕತ್ತೈತಿ. ನಮ್ಮನಿ ಗೋಡಿ ನೋಡಿದ್ರ ಬನ್ನಿ ಕೊಡಾಕ ಬಂದ ಮಂದಿ ಕಮ್ಮಾರ ಸಾಲಿ ಅಂತ ತಿಳಕೊಂತಾರ!"

ನಾನು ನೋಟುಬುಕ್ಕಿನಲ್ಲಿ ಬರೆದು ತೋರಿಸಿದೆ: "ಡಾಕ್ಟರರ ಆಜ್ಞೆ." ಅವ್ವನಿಗೆ ಓದು ಬಾರದು. ಆದರೆ ನನ್ನ ದುಂಡು ಅಕ್ಷರ ನೋಡಿ ಸ್ವಲ್ಪ ತಣ್ಣಗಾದಳು.

ಇಷ್ಟೆಲ್ಲ ಪಾಡು ಪಟ್ಟರೂ ಆಯಿ ಚೇತರಿಸಿಕೊಳ್ಳಲಿಲ್ಲ. ದಿನದಿನಕ್ಕೆ ದನಿ ಇಳಿಯಿತು. ಒಂದು ಸಂಜೆ ಕಟ್ಟೆಯ ಮೇಲೆ ನಿಂತು "ಚಂದ್ರೀ" ಎಂದರೆ ಬಾಗಿಲಲ್ಲಿದ್ದ ನನಗೇ ಕೇಳಿಸಲಿಲ್ಲ. ಅಪ್ಪ ಕೆರೆಗೆ ಹೋಗಿ ಹಗ್ಗ ಹಾಕಿ ಎಮ್ಮೆ ಎಳೆದುಕೊಂಡು ಬಂದ. ಆಯಿ ಕಟ್ಟೆಯ ಮೇಲೆಯೇ ಕುಸಿದು ಕೂತು ನನ್ನನ್ನು ಕರೆದಳು.

"ಮಾದೇವಿ, ಆಪರೇಶನ್ ಆದ ಮ್ಯಾಲ ದನಿ ಬರಲಿಲ್ಲ ಅಂದ್ರ, ಎಮ್ಮಿ ಯಾರ ಕರೀತಾರಬೇ? ನಿಮ್ಮಪ್ಪ ಕರದ್ರ ಅದು ಹೊಳ್ಳಿ ನೋಡೂದಿಲ್ಲ. ನಿಮ್ಮವ್ವನ ಮ್ಯಾಲ ಅದಕ್ಕ ಸಿಟ್ಟೈತಿ. ನೀನಂತೂ..."

ನನಗೆ ಅಳು ಬಂತು. ಆ ದಿನದಿಂದ ಇನ್ನಷ್ಟು ಜಾಗ್ರತೆ ವಹಿಸಿದೆ. ಗುಳಿಗೆಯ ಹೊತ್ತು ಐದು ನಿಮಿಷ ಆಚೀಚೆ ಆಗಲಿಕ್ಕೆ ಬಿಡಲಿಲ್ಲ.

ಮೂರು ವಾರಕ್ಕೆ ಸರಿಯಾಗಿ ಹುಬ್ಬಳ್ಳಿಗೆ ಹೋದೆವು. ಮತ್ತೆ ರಕ್ತ ತೆಗೆದರು. ಸಂಜೆ ನಾಲ್ಕಕ್ಕೆ ಡಾಕ್ಟರರು ಕರೆದರು. ಮೇಜಿನ ಮೇಲೆ ಎರಡು ಕಾಗದವಿದ್ದವು. ಆಯಿ ಗಂಟಲ ಮೇಲಿನ ಕೈ ತೆಗೆಯದೆ ಕೂತಳು.

"ಮುಂಬೈದು ಬಂದೈತ್ರಿ. ಹಾರ್ಮೋನು ಹೆಚ್ಚಿಲ್ಲ. ಅಗದಿ ಕಡಿಮಿ ಐತಿ."

"ಅಂದ್ರ ಆಪರೇಶನ್ನರೀ?" ಎಂದ ಅಪ್ಪ.

"ಬ್ಯಾಡ್ರಿ. ಗ್ರಂಥಿಗಳದೇನೂ ತಪ್ಪಿಲ್ಲ. ರಕ್ತದಾಗ ಸುಣ್ಣ ಹೆಚ್ಚಾತು ಅಂತ ಅವು ಪಾಪ, ಕೆಲಸ ನಿಲ್ಲಿಸಿ ಸುಮ್ನ ಕುಂತಾವ."

ಆಯಿಯ ಕೈ ಗಂಟಲಿನಿಂದ ಜಾರಿ ಮಡಿಲಿಗೆ ಬಿತ್ತು. "ನನ್ನ ಶಿವನ!" ಎಂದಳು.

"ಆದ್ರ ಸುಣ್ಣ ಇಳಿದಿಲ್ಲ. ಸ್ವಲ್ಪ ಏರೇತಿ ಬೇಕಾದ್ರ. ಎಲುಬಿನಿಂದ ಬಂದಿಲ್ಲ ಅಂದ್ರ ಹೊರಗಿನಿಂದ ಹೋಗಾಕತ್ತೈ‌ತಿ. ಎಲ್ಲಿಂದ?"

ಅಪ್ಪ ಆಯಿಯ ಕಡೆ ತಿರುಗಿದ. "ಯವ್ವಾ, ಖರೇ ಹೇಳು. ಕದ್ದು ಎಲಿ ಹಾಕ್ಕೊಂಡೀಯಿಲ್ಲೋ?"

"ನಾನ? ಈ ತಲಾಠಿ ಕೈಯಾಗ ಸಿಕ್ಕ ಮ್ಯಾಲ ನನಗ ಉಗುಳು ನುಂಗಾಕ ಪರವಾನಗಿ ಇಲ್ಲ! ಕೇಳು ಅಕಿನ್ನ. ಎಲ್ಲಾ ಬರದಾಳ."

ನನ್ನ ಹೊತ್ತು ಬಂದಿತ್ತು. ನೋಟುಬುಕ್ಕನ್ನು ಎರಡೂ ಕೈಯಿಂದ ಡಾಕ್ಟರರ ಮುಂದಿಟ್ಟೆ. ನಲವತ್ತೊಂದು ಪುಟ, ಒಂದೂ ಹೊಡೆದ ಅಕ್ಷರವಿಲ್ಲ. ಅವರು ಮೊದಲ ಪುಟ ಓದಿ ಮುಗುಳ್ನಕ್ಕರು. ನಾಯಿಯ ಅರ್ಧ ರೊಟ್ಟಿಗೆ ಬಂದಾಗ ಜೋರಾಗಿ ನಕ್ಕರು. ನನಗೆ ಹೆಮ್ಮೆಯೆನಿಸಿತು. ಆಮೇಲೆ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು. ನಗು ನಿಂತಿತು. ಹಾಳೆ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಗುಳಿಗೆ, ಒಂದು, ಎಂದಿನಂತೆ. ರಾತ್ರಿ ಗುಳಿಗೆ, ಒಂದು, ಎಂದಿನಂತೆ. ಎಂದಿನಂತೆ. ಎಂದಿನಂತೆ... ಇದ್ಯಾವ ಗುಳಿಗಿ? ಮತ್ತ ಇದೇನು? 'ಸೋಮವಾರ. ಪೂಜೆಯ ನಂತರ ಪುಡಿ, ಒಂದು ಪೊಟ್ಟಣ. ಷರಾ: ಹಾಲು ಬಂದ್ ಆದ ಕಾರಣ ನೀರಿನಲ್ಲಿ ಕೊಡಲಾಯಿತು.'"

ನೋಟುಬುಕ್ಕಿನ ರಟ್ಟಿನೊಳಗೆ ಜೋಪಾನವಾಗಿಟ್ಟಿದ್ದ ಚೀಟಿಯನ್ನು ತೆಗೆದುಕೊಟ್ಟೆ. ಕಲಘಟಗಿಯ ಡಾಕ್ಟರರು ಬರೆದದ್ದು. ಮಡಿಕೆ ಹರಿಯದಿರಲಿ ಎಂದು ಹಿಂದೆ ಕಾಗದ ಹಚ್ಚಿದ್ದೆ.

ಡಾಕ್ಟರರು ಚೀಟಿ ಓದಿ ಕನ್ನಡಕ ತೆಗೆದರು.

"ಇದು ಎಲುಬು ಕೂಡಾಕ ಕೊಟ್ಟ ಕ್ಯಾಲ್ಸಿಯಂ ಗುಳಿಗಿ. ಅಂದ್ರ ಸುಣ್ಣನ. ಪುಡಿ ವಿಟಮಿನ್ ಡಿ, ತಿಂದ ಸುಣ್ಣನ್ನೆಲ್ಲಾ ರಕ್ತಕ್ಕ ಎಳಕೊಂಡು ಬರೂದು. ಆರ ವಾರದ್ದು ಬರದಾರ. ತಾರೀಖು ನೋಡಿದ್ರ ಹದಿನೇಳು ತಿಂಗಳಾತು! ಇಷ್ಟು ದಿನ ಕೊಟ್ಟವರ್ಯಾರು?"

ಅಪ್ಪ ಆಯಿಯನ್ನು ನೋಡಿದ. ಆಯಿ ಅಪ್ಪನನ್ನು ನೋಡಿದಳು. "ನನಗೇನ ಗೊತ್ತಪಾ? ವಿಭೂತಿ ಹಚ್ಚಿಕೊಂಡು ಕೈ ಚಾಚಿದ್ರ ಪ್ರಸಾದದಂಗ ಕೊಡತಿತ್ತು, ನುಂಗತಿದ್ದೆ," ಎಂದಳು.

ನನ್ನ ತಲೆಯೊಳಗೆ ಹದಿನೇಳು ತಿಂಗಳು ಒಮ್ಮೆಲೇ ಸುತ್ತಿದವು. ಕಲಘಟಗಿಯ ಡಾಕ್ಟರರು, "ಮುಗಿದ ಮ್ಯಾಲ ಬಂದು ತೋರಸ್ರಿ" ಎಂದಿದ್ದರು. ಔಷಧ ತರಲು ಸಂತೆಗೆ ಹೋಗುವಾಗೆಲ್ಲ ಅವರ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ಒಳಗೆ ಹೋದರೆ ಮಾತಾಡಬೇಕು. ಪಕ್ಕದ ಔಷಧದ ಅಂಗಡಿಯಲ್ಲಿ ಹಾಗಲ್ಲ. ಚೀಟಿ ಚಾಚಿದರೆ ಪೊಟ್ಟಣ ಕೈಗೆ ಬರುತ್ತಿತ್ತು, ಒಂದು ಅಕ್ಷರವೂ ಬಾಯಿಂದ ಹೊರಡಬೇಕಿರಲಿಲ್ಲ. ಕೈ ಕೂಡಿದ ಮೇಲೆ ಅದು ಔಷಧವೆಂದು ನನಗನಿಸಲಿಲ್ಲ, ಶಕ್ತಿಯೆಂದುಕೊಂಡೆ. ಆಯಿ ಸೊರಗಿದಷ್ಟೂ ಶ್ರದ್ಧೆಯಿಂದ ಕೊಟ್ಟೆ. ಓಣಿಯ ಸುಣ್ಣವನ್ನೆಲ್ಲ ಒಂದು ಕೈಯಲ್ಲಿ ತಡೆದು, ಇನ್ನೊಂದು ಕೈಯಲ್ಲಿ ನಾನೇ ಉಣಿಸಿದ್ದೆ.

"ಕೊಟ್ಟವರ್ಯಾರು ಅಂತ ಕೇಳಾಕತ್ತೀನಿ!" ಡಾಕ್ಟರರ ದನಿ ಏರಿತು.

ನಾನು ಎದ್ದು ನಿಂತೆ. ಬಾಯಿ ತೆರೆದೆ. ಒಂಬತ್ತನೆಯ ಇಯತ್ತೆಯಲ್ಲಿ ನೂರಾ ಹದಿನಾಲ್ಕು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದೆಲ್ಲ ಒಟ್ಟಿಗೇ ಹೊರಗೆ ಬಂತು.

"ಹಾಜರ್ ಸರ್!"

ಪಡಸಾಲೆಯಲ್ಲಿ ಸರದಿಗೆ ಕೂತಿದ್ದ ರೋಗಿಗಳು ಬಾಗಿಲಿಗೆ ಬಂದು ಇಣುಕಿದರು. ಒಬ್ಬ ಮುದುಕ ತನ್ನನ್ನೇ ಕರೆದರೆಂದು ಒಳಗೆ ಬಂದು ನಿಂತ. ಡಾಕ್ಟರರ ಕೈಯಿಂದ ಕನ್ನಡಕ ಮೇಜಿಗೆ ಬಿತ್ತು. ಆಯಿ ಮಾತ್ರ ಕಣ್ಣರಳಿಸಿ ನನ್ನನ್ನು ನೋಡಿದಳು.

"ಯವ್ವ ನನ್ನ ತಾಯಿ! ಇದರ ಹೊಟ್ಟ್ಯಾಗ ಇಷ್ಟ ದೊಡ್ಡ ದನಿ ಇತ್ತೇನು? ಎಲ್ಲಿ ಮುಚ್ಚಿಟ್ಟಿದ್ದಿಬೇ ಇಷ್ಟ ದಿನ? ಕಣಜದ ಮ್ಯಾಲೇನು, ನನ್ನ ಡಬ್ಬಿ ಬಾಜೂಕ?"

ನಾನು ಅಳತೊಡಗಿದೆ. ಡಾಕ್ಟರರು ಒಳ್ಳೆಯವರು. "ಅಳಬ್ಯಾಡ ತಂಗಿ. ನೀ ಇಷ್ಟ ಚಂದಾಗಿ ಬರದಿದ್ದಿಲ್ಲ ಅಂದ್ರ ಇದನ್ನ ಹುಡುಕೂದು ನಮಗ ಭಾಳ ಕಠಿಣ ಆಗತಿತ್ತು," ಎಂದರು.

"ಅಕಿ ಕೊಟ್ಟಿದ್ದಿಲ್ಲ ಅಂದ್ರ ಹುಡುಕೂ ಪ್ರಸಂಗನ ಬರತಿದ್ದಿಲ್ಲಲ್ರಿ," ಎಂದಳು ಆಯಿ.

ಎಷ್ಟೋ ದಿನಗಳ ಮೇಲೆ ಆಕೆಯ ಬಾಯಿಂದ ಹಳೆಯ ಗತ್ತಿನಲ್ಲಿ ಬಂದ ಮಾತು ಅದು. ಅಪ್ಪನಿಗೆ ಸಂತೋಷದಿಂದ ಕಣ್ಣಲ್ಲಿ ನೀರು ಬಂತು.

ಗುಳಿಗೆ, ಪುಡಿ ಅಂದೇ ನಿಂತವು. ಆ ಪುಡಿ ಮೈಯಿಂದ ಇಳಿಯಲು ತಿಂಗಳುಗಳೇ ಬೇಕಾದವು. ಕೆಲವು ದಿನ ದವಾಖಾನೆಯಲ್ಲಿ ಬಾಟಲಿ ಏರಿಸಿದರು. ಸಂಕ್ರಾಂತಿಯ ಹೊತ್ತಿಗೆ ಸುಣ್ಣ ಹತ್ತಕ್ಕೆ ಬಂತು. ಮುಂಬೈ ನೋಡಿ ಬಂದ ಫ್ಲಾಸ್ಕನ್ನು ಮೂರು ಸಲ ಕುದಿನೀರಿನಲ್ಲಿ ತೊಳೆದು ಮರಳಿಸಿದೆ. ಅದರಲ್ಲಿ ಚಹಾದ ರುಚಿ ಮೊದಲಿಗಿಂತ ಚಲೋ ಆಗಿದೆ ಎಂದು ಯಾಕೂಬಸಾಬ ಇವತ್ತಿಗೂ ಹೇಳುತ್ತಾನೆ.

ಸುಣ್ಣ ಇಳಿದಂತೆ ಆಯಿಯ ನೆನಪು ಮರಳಿತು. ಇದು ನನ್ನ ಪಾಲಿಗೆ ಅಷ್ಟು ಒಳ್ಳೆಯದಾಗಲಿಲ್ಲ. ಯಾವ ದಿನ ನಾನು ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದ್ದೆ, ಯಾವ ದಿನ ಬಾಯಿ ತೆರೆಸಿ ನೋಡಿದ್ದೆ, ಎಲ್ಲ ನೆನಪಾಯಿತು. ದನಿಯೂ ಪೂರಾ ಬಂತು. ಆದರೆ ಎಮ್ಮೆ ಕರೆಯಲು ಆಯಿ ಕಟ್ಟೆ ಹತ್ತಲಿಲ್ಲ.

"ಸಾಲ್ಯಾಗ ಎಷ್ಟ ದಿನ ಗೈರಹಾಜರಿ ಅಂದಿ? ನೂರಾ ಹದಿನಾಕಲ್ಲ? ನೂರಾ ಹದಿನಾಕ ದಿನ ಈ ಕಟ್ಟಿ ಮ್ಯಾಲ ನಿಂತು ನೀ ಎಮ್ಮಿ ಕರಿ. ಎಮ್ಮಿ ಬಂದ್ರ ಹಾಜರಿ. ಬರಲಿಲ್ಲ ಅಂದ್ರ ಗೈರ. ಇದ ನಿನಗ ಶಿಕ್ಷಾ."

ಮೊದಲ ದಿನ ನಾನು ಕರೆದಾಗ ಬಂದದ್ದು ಯಾಕೂಬಸಾಬನ ಮೇಕೆ ಒಂದೇ. ಅದೂ ಕುತೂಹಲಕ್ಕೆ. ಮಲಿಕಾಬಿ ಗೋಡೆಯ ಮೇಲಿಂದ, "ಜೋರಲೇ, ಜೋರ! ದವಾಖಾನ್ಯಾಗ ಒದರಿದಂಗ ಒದರು!" ಎಂದು ಹುರಿದುಂಬಿಸಿದಳು. (ಕೋಳಿಗೆ ಹೊಡೆದದ್ದಕ್ಕೆ ಆಕೆಯ ಸೇಡು ಇದು.) ಐದನೆಯ ದಿನ ಚಂದ್ರಿ ನೀರಿನಿಂದ ತಲೆಯೆತ್ತಿ ನೋಡಿತು. ಎಂಟನೆಯ ದಿನ ಎದ್ದು ಬಂತು.

ಎಮ್ಮೆ ಬಂದ ದಿನಕ್ಕೆ ಗುರುತು ಹಾಕುವುದು ಆಯಿಯೇ. ನೋಟುಬುಕ್ಕನ್ನು ಆಕೆ ಮುಟ್ಟುವುದಿಲ್ಲ. ಕಣಜದ ಮೇಲಿಂದ ಡಬ್ಬಿ ಇಳಿಸಿಕೊಂಡಿದ್ದಾಳೆ. ಸದ್ಯಕ್ಕೆ ಬಾಯಿಗೆ ಹಾಕಬಾರದೆಂದು ಡಾಕ್ಟರರು ಹೇಳಿರುವುದರಿಂದ ಬೆರಳಿನಿಂದ ಸುಣ್ಣ ತೆಗೆದು ಪಡಸಾಲೆಯ ಕಪ್ಪು ಗೋಡೆಗೆ ದಿನಕ್ಕೊಂದು ಬೊಟ್ಟು ಇಡುತ್ತಾಳೆ. ನೂರಾ ಹದಿನಾಲ್ಕು ಬೊಟ್ಟು ಆಗುವವರೆಗೆ ಆ ಗೋಡೆಗೆ ಯಾರೂ ಕೈ ಹಚ್ಚುವಂತಿಲ್ಲ. ಅವ್ವ ತಲೆ ಚಚ್ಚಿಕೊಳ್ಳುತ್ತಾಳೆ. ಬಂದುಹೋಗುವವರೆಲ್ಲ ಗೋಡೆ ನೋಡಿ ಇದೇನೆಂದು ಕೇಳುತ್ತಾರೆ. ಆಯಿ ಹದಿನೇಳು ತಿಂಗಳ ಕಥೆಯನ್ನು ಮೊದಲಿನಿಂದ, ಕೆರೆಯ ಆಚೆಗೂ ಕೇಳುವಂತೆ, ಹೇಳುತ್ತಾಳೆ.

ನಿನ್ನೆ ನಾನು ಬೊಟ್ಟುಗಳನ್ನು ಎಣಿಸಿದೆ. ಎಮ್ಮೆ ನನ್ನ ಕೂಗಿಗೆ ಬಂದದ್ದು ಹದಿನೇಳು ದಿನ. ಗೋಡೆಯ ಮೇಲೆ ಹತ್ತೊಂಬತ್ತು ಬೊಟ್ಟುಗಳಿವೆ. ಎರಡು ಸಲ ಎಣಿಸಿ ನೋಡಿದೆ, ಹತ್ತೊಂಬತ್ತೇ. ಆಯಿ ಎಲ್ಲೋ ಲೆಕ್ಕ ತಪ್ಪಿದ್ದಾಳೆ, ನನ್ನ ಶಿಕ್ಷೆ ಎರಡು ದಿನ ಕಡಿಮೆಯಾಗಿದೆ. ಜಾಗ್ರತೆಯ ಹುಡುಗಿಯಾದವಳು ಕೂಡಲೇ ಹೋಗಿ ಹೇಳಬೇಕು.

ಆದರೆ ಅದನ್ನು ಹೇಳಲಿಕ್ಕೂ ದನಿ ಬೇಕಲ್ಲ?